ಬೈರಮಂಗಲ ಯಾರ ಖಾತೆಗೆ?

ಬಿಡದಿ ಹೋಬಳಿಯ ಬೈರಮಂಗಲ ಕೆರೆಗೆ ವೃಷಭಾವತಿ ನದಿ ಹೊತ್ತು ತರುವುದು ಬಹುಪಾಲು ಬೆಂಗಳೂರಿನ ಕೊಳಚೆ. 1940ರ ದಶಕದಲ್ಲಿ ನೀರಾವರಿಗೆಂದು ಅಣೆಕಟ್ಟೆ ಕಟ್ಟಿದ ಜಾಗದಲ್ಲಿ ಈಗ ನೊರೆ ಏಳುತ್ತದೆ. ಆ ಮೋರಿ ನೀರಿನಲ್ಲೇ ಸೀಮೆ ಹುಲ್ಲು, ಬೇಬಿ ಕಾರ್ನ್, ತೆಂಗು ಬೆಳೆಯುತ್ತವೆ. ನಗರದ ಕಾಮಗಾರಿಯೊಂದು ಹವಾಮಾನಕ್ಕೆ ಎಷ್ಟು ನೆರವಾಯಿತೆಂದು ಅಳೆಯುವ ವಿದ್ಯೆ ಬೆಳೆದು ಬಂದ ದಾರಿಯನ್ನು ಈ ಕೆರೆ ಏರಿಯ ಮೇಲಿಂದ ನೋಡಿದರೆ ಅದರ ಕಸುವೂ ಕುಂದೂ ಒಟ್ಟಿಗೇ ಕಾಣುತ್ತವೆ.

ಮೊದಮೊದಲು ಅಳೆದದ್ದು ಒಂದೊಂದೇ ಕಾಮಗಾರಿಯನ್ನು. 1997ರ ಕ್ಯೋಟೋ ಒಪ್ಪಂದದಿಂದ ಹುಟ್ಟಿದ ಸ್ವಚ್ಛ ಅಭಿವೃದ್ಧಿ ವ್ಯವಸ್ಥೆಯ ಮೂಲ ಪ್ರಶ್ನೆ ಸರಳ: ಈ ಯೋಜನೆ ಬಾರದೇ ಇದ್ದಿದ್ದರೆ ಎಷ್ಟು ಹಸಿರುಮನೆ ಅನಿಲ ಹೊರಬೀಳುತ್ತಿತ್ತು? ಬ್ರೇಕ್ ಹಾಕಿದಾಗ ಹುಟ್ಟುವ ವಿದ್ಯುತ್ತನ್ನು ಮರಳಿ ಬಳಸುವ ದೆಹಲಿ ಮೆಟ್ರೋ 2007ರಲ್ಲಿ ಅದರಡಿ ನೋಂದಣಿಯಾಯಿತು. ರೈಲಿಗೆ ಮೀಟರು ಇರುತ್ತದೆ, ಲೆಕ್ಕ ಸಲೀಸು. ಮೋರಿಗೆ ಎಲ್ಲಿಯ ಮೀಟರು?

ಕೊಳಚೆಯ ಲೆಕ್ಕಕ್ಕೆ ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ ಐಪಿಸಿಸಿ 2006ರಲ್ಲಿ ಒಂದು ಸೂತ್ರ ಕೊಟ್ಟಿತು. ಸಂಸ್ಕರಿಸದೆ ಹೊಳೆಗೋ ಕೆರೆಗೋ ಸಮುದ್ರಕ್ಕೋ ಬಿಟ್ಟ ಕೊಳಚೆ, ತನ್ನಿಂದ ಹುಟ್ಟಬಹುದಾದ ಗರಿಷ್ಠ ಮೀಥೇನಿನ ಶೇ. 10ರಷ್ಟನ್ನು ಬಿಡುತ್ತದೆ ಎಂಬುದು ಅದರ ಅಂದಾಜು. ಹರಿಯುವ ಹೊಳೆಗೂ ನಿಂತ ಕೆರೆಗೂ ಒಂದೇ ಅಂಕಿ! 2019ರ ಪರಿಷ್ಕರಣೆ ಇವೆರಡನ್ನೂ ಬೇರ್ಪಡಿಸಿತು. ಜಲಾಶಯ, ಕೆರೆ, ಅಳಿವೆಗಳಿಗೆ ಶೇ. 19, ಉಳಿದ ಹರಿವಿಗೆ ಶೇ. 3.5. ನಿಂತ ನೀರಿನ ತಳದಲ್ಲಿ ಆಮ್ಲಜನಕ ಸಿಗದೆ ಕೊಳೆ ಕೊಳೆಯುವ ರೀತಿಯೇ ಬೇರೆ. ಅಂದರೆ ಅದೇ ಕೊಳಚೆ ಕೆಂಗೇರಿ ದಾಟಿ ಹರಿಯುವಾಗ ಬಿಡುವುದಕ್ಕಿಂತ ಐದು ಪಟ್ಟಿಗೂ ಹೆಚ್ಚು ಮೀಥೇನನ್ನು ಬೈರಮಂಗಲದಲ್ಲಿ ನಿಂತಾಗ ಬಿಡಬಹುದು. ಕೊಳಚೆಯನ್ನು ಕೆರೆಗೆ ಬಿಡದೆ ಪಕ್ಕದ ನಾಲೆಯಲ್ಲಿ ಅಣೆಕಟ್ಟೆಯ ಕೆಳಕ್ಕೆ ಸಾಗಿಸುವ ಯೋಜನೆ ಇಲ್ಲಿಯದೇ. ಈ ಸೂತ್ರ ಹಿಡಿದರೆ ಅದೂ ಹವಾಮಾನದ ಕಾಮಗಾರಿ ಎನಿಸಿಕೊಂಡೀತು, ಒಂದು ಹನಿಯನ್ನೂ ಶುದ್ಧ ಮಾಡದೆ! ಕೆಳಗಿನ ಊರಿನವರನ್ನು ಸೂತ್ರ ಕೇಳುವುದಿಲ್ಲ.

ಸಂಸ್ಕರಣಾ ಘಟಕವನ್ನೂ ಅದೇ ಪರಿಷ್ಕರಣೆ ಬಿಡಲಿಲ್ಲ. ಗಾಳಿ ಊದಿ ಕೊಳಚೆ ಶುದ್ಧ ಮಾಡುವಾಗ ಹೊರಬೀಳುವ, ಇನ್ನೊಂದು ಹಸಿರುಮನೆ ಅನಿಲವಾದ ನೈಟ್ರಸ್ ಆಕ್ಸೈಡನ್ನು ಹಳೆಯ ಸೂತ್ರ ಬಹಳ ಕಡಿಮೆ ಅಂದಾಜಿಸಿತ್ತು. ಹೊಸದರಲ್ಲಿ ಆ ಅಂಕಿ ಹಲವು ಪಟ್ಟು ಏರಿತು. ಮೈಸೂರು ರಸ್ತೆಯ ವೃಷಭಾವತಿ ಕಣಿವೆ ಘಟಕದಂಥವು ಬೇಡ ಎಂದು ಇದರ ಅರ್ಥವಲ್ಲ. ಉಳಿತಾಯ ಬರೆಯುವ ಪುಟದಲ್ಲೇ ಖರ್ಚನ್ನೂ ಬರೆಯಬೇಕು, ಅಷ್ಟೆ. ಬಿಡದಿಯಲ್ಲಿ ದಿನಕ್ಕೆ 600 ಟನ್ ಕಸ ಸುಟ್ಟು 11.5 ಮೆಗಾವಾಟ್ ವಿದ್ಯುತ್ ಮಾಡುವ ಸ್ಥಾವರಕ್ಕೂ ಈ ಮಾತು ಸಲ್ಲುತ್ತದೆ: ಸುಡುವ ಪ್ಲಾಸ್ಟಿಕ್ಕು ಪೆಟ್ರೋಲಿಯಮ್ಮಿನ ಕೂಸು.

ಇಡೀ ನಗರವನ್ನು ಒಂದು ಖಾತೆಯಾಗಿ ನೋಡುವ ಜಾಗತಿಕ ನಿಯಮಾವಳಿ ಬಂದದ್ದು 2014ರಲ್ಲಿ. ಡಬ್ಲ್ಯುಆರ್‌ಐ, ಸಿ40, ಇಕ್ಲೇ ಎಂಬ ಸಂಸ್ಥೆಗಳು ಸೇರಿ ರೂಪಿಸಿದ್ದು. ಕಸ, ಕೊಳಚೆ ಗಡಿಯಾಚೆ ಹೋಗಿ ಕೊಳೆತರೂ ಅವನ್ನು ಹುಟ್ಟಿಸಿದ ನಗರದ ಲೆಕ್ಕಕ್ಕೇ ಸೇರಬೇಕೆಂದು ಅದು ಹೇಳುತ್ತದೆ. ಈ ನಿಯಮದಂತೆ ಬೈರಮಂಗಲದ ಮೀಥೇನ್ ಬೆಂಗಳೂರಿನದು. ನಗರಕ್ಕೆ ಬರುವ ಕಾವೇರಿ ನೀರಿನ ವಿಷಯದಲ್ಲಿ ನಿಯಮ ಇಷ್ಟು ಬಿಗಿಯಿಲ್ಲ. ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ನೀರೆತ್ತುವ ಪಂಪುಗಳು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿವೆ. ಸಾವಿರ ಲೀಟರನ್ನು ಅಷ್ಟು ಎತ್ತರಿಸಲು, ಯಂತ್ರದಲ್ಲಿ ಎಳ್ಳಷ್ಟೂ ನಷ್ಟವಾಗದಿದ್ದರೂ, 1.36 ಯೂನಿಟ್ ಬೇಕು. 2024ರ ಅಕ್ಟೋಬರಿನಲ್ಲಿ ಕಾವೇರಿ ಯೋಜನೆಯ ಐದನೇ ಹಂತ ಉದ್ಘಾಟನೆಯಾಗಿ, ದಿನಕ್ಕೆ 145 ಕೋಟಿ ಲೀಟರಿದ್ದ ಎತ್ತುವ ಸಾಮರ್ಥ್ಯಕ್ಕೆ 77.5 ಕೋಟಿ ಕೂಡಿಕೊಂಡಿತು. ಗುಣಿಸಿದರೆ ದಿನಕ್ಕೆ 30 ಲಕ್ಷ ಯೂನಿಟ್. ನೀರು ಏರುವಾಗ ಉರಿದ ಕಲ್ಲಿದ್ದಲೂ ಇಳಿದು ಕೊಳೆತಾಗಿನ ಮೀಥೇನೂ ಎರಡೂ ನಗರದ ಗೆರೆಯಾಚೆ.

ಬೆಂಗಳೂರಿನ ಆಗಿನ ಪಾಲಿಕೆಯಾದ ಬಿಬಿಎಂಪಿ 2023ರ ನವೆಂಬರಿನಲ್ಲಿ ಹವಾಮಾನ ಕ್ರಿಯಾಯೋಜನೆ ಪ್ರಕಟಿಸಿ 2050ಕ್ಕೆ ನಿವ್ವಳ ಶೂನ್ಯದ ಗುರಿ ಇಟ್ಟಿತು. ಆ ಗುರಿಯ ನಡುವೆಯೇ ಈಗ ಬೈರಮಂಗಲ, ಕಂಚುಗಾರನಹಳ್ಳಿ ಪಂಚಾಯಿತಿಗಳಲ್ಲಿ ಸುಮಾರು 9 ಸಾವಿರ ಎಕರೆಯ ಟೌನ್‌ಶಿಪ್‌ಗೆ ಭೂಸ್ವಾಧೀನ ಹೊರಟಿದೆ, ರೈತರು ವಿರೋಧಿಸುತ್ತಿದ್ದಾರೆ. ಇಲ್ಲಿ ಮತ್ತೆ ಕ್ಯೋಟೋದ ಹಳೆಯ ಪ್ರಶ್ನೆಯೇ ಎದುರಾಗುತ್ತದೆ. ಟೌನ್‌ಶಿಪ್ ಬಾರದಿದ್ದರೆ ಇಲ್ಲಿ ತೋಟ, ಹುಲ್ಲು, ಹಸು ಉಳಿಯುತ್ತವೆ ಎಂದು ಹಿಡಿದರೆ ಸಿಮೆಂಟು, ಉಕ್ಕಿನ ಪ್ರತಿ ಟನ್ನೂ ಹೊಸ ಹೊರೆ. ಹೇಗೂ ಚದುರಿದ ಲೇಔಟುಗಳು ಎದ್ದೇ ಏಳುತ್ತವೆ ಎಂದು ಹಿಡಿದರೆ ಅದೇ ಟೌನ್‌ಶಿಪ್ ಇಂಗಾಲ ಉಳಿಸುವ ಯೋಜನೆ. ಯೋಜನಾ ವರದಿಯಲ್ಲಿ ನಾನು ಮೊದಲು ಹುಡುಕುವುದು ಸೌರ ಫಲಕಗಳ ಸಂಖ್ಯೆಯನ್ನಲ್ಲ. ಇವೆರಡರಲ್ಲಿ ಯಾವುದನ್ನು ಹಿಡಿದರು, ಹಿಡಿದವರು ಯಾರು ಎಂಬುದನ್ನು.