ಹೆಪ್ಪುಗಟ್ಟದ ಹರಿವು: ವಾಲ್ವ್ ಬಿಸಿಯಾಗಿಡುವ ತಂತ್ರ ಬೆಳೆದ ದಾರಿ

1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆಗೆ ಮಲೆನಾಡಿನ ಕಟ್ಟಿಗೆಯೇ ಇಂಧನವಾಗಿತ್ತು. ಕಟ್ಟಿಗೆಯನ್ನು ಗಾಳಿ ಸೋಕದ ರಿಟಾರ್ಟ್‌ಗಳಲ್ಲಿ ಕಾಯಿಸಿ ಇದ್ದಿಲು ಮಾಡುತ್ತಿದ್ದರು. ಹೊರಬಂದ ಆವಿಯನ್ನು ತಣಿಸಿ ಟಾರು, ಮೆಥನಾಲ್‌ಗಳನ್ನು ಪಡೆಯುತ್ತಿದ್ದರು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಅದೇ ಊರಿಗೆ ಬ್ಲ್ಯಾಕ್ ಲಿಕರ್ ಎಂಬ ಕಪ್ಪು ದ್ರವವನ್ನು ತಂದಿತು. ಅದರ ಸಕ್ಕರೆ ಘಟಕದೊಂದಿಗೆ ಕಾಕಂಬಿಯೂ ಬಂತು. ಮೆಥನಾಲ್ ಬಿಟ್ಟರೆ ಇವೆಲ್ಲ ಬಿಸಿಯಲ್ಲಿ ಹರಿಯುತ್ತವೆ, ತಣಿದರೆ ಗಟ್ಟಿಯಾಗುತ್ತವೆ. ಆಗ ಮೊದಲು ಸಿಕ್ಕಿಕೊಳ್ಳುವುದು ವಾಲ್ವ್.

ಕಾರಣ ಸರಳ. ವಾಲ್ವಿನ ಲೋಹ ದಪ್ಪ. ಪೈಪಿಗೆ ಜೋಡಿಸುವ ಫ್ಲಾಂಜು, ಮೇಲ್ಮುಚ್ಚಳವಾದ ಬಾನೆಟ್, ತಿರುಗುವ ದಂಡವಾದ ಸ್ಪಿಂಡಲ್‌ಗಳು ಹೊರಚಾಚಿ ಶಾಖವನ್ನು ಬಿಟ್ಟುಕೊಡುತ್ತವೆ. ಒಳಗಿನ ಸಂದಿಗಳಲ್ಲಿ ದ್ರವ ನಿಂತುಬಿಡುತ್ತದೆ. ಅಲ್ಲಿ ಗಟ್ಟಿಯಾದರೆ ಹಿಡಿಕೆ ತಿರುಗದು. ಬಲವಂತ ಮಾಡಿದರೆ ಸ್ಪಿಂಡಲ್ ಮುರಿಯುತ್ತದೆ.

ಮೊದಲ ಪರಿಹಾರ ಹಬೆ. ಪೈಪಿನ ಬದಿಗೆ ತೆಳ್ಳನೆಯ ತಾಮ್ರದ ನಳಿಗೆ ಕಟ್ಟಿ ಹಬೆ ಹರಿಸುವ ಸ್ಟೀಮ್ ಟ್ರೇಸಿಂಗ್ ಅಗ್ಗ. ಆದರೆ ವಾಲ್ವಿನ ಅಂಕುಡೊಂಕು ಮೈಗೆ ನಳಿಗೆ ಸರಿಯಾಗಿ ತಾಕದು. 1950ರ ದಶಕದಲ್ಲಿ ಬಳಕೆಗೆ ಬಂದ ಶಾಖವಾಹಕ ಸಿಮೆಂಟ್ ಈ ಸಂದನ್ನು ತುಂಬಿತು. ಇನ್ನೂ ಬಿಗಿಯಾದ ಉಪಾಯ ಜಾಕೆಟ್ ವಾಲ್ವ್: ಕವಚದೊಳಗೆ ಹಬೆ ಸುತ್ತಿ ಮೈಯೆಲ್ಲ ಸಮನಾಗಿ ಕಾಯುತ್ತದೆ. ಆದರೆ ಒಳಗೋಡೆ ಬಿರಿದರೆ ಹಬೆಯ ನೀರೂ ದ್ರವವೂ ಬೆರೆಯುವ ಅಪಾಯವಿದೆ. ಹೀಗಾಗಿ ವಾಲ್ವಿನ ಆಕಾರಕ್ಕೇ ಎರಕ ಹೊಯ್ದು ಬೋಲ್ಟಿನಿಂದ ಬಿಗಿಯುವ ಅಲ್ಯೂಮಿನಿಯಂ ಜಾಕೆಟ್ ಬಂತು. ವಾಲ್ವ್ ಬದಲಿಸಿದರೂ ಅದನ್ನು ಮತ್ತೆ ಬಳಸಬಹುದು.

ಹಬೆಯ ಬದಲು ವಿದ್ಯುತ್ ತಂತಿ ಸುತ್ತಿ ಕಾಯಿಸುವ ಪದ್ಧತಿಗೆ 1970ರ ದಶಕದ ಸ್ವಯಂನಿಯಂತ್ರಕ ಕೇಬಲ್ ಹೊಸ ಬಲ ಕೊಟ್ಟಿತು. ಇದರ ಇಂಗಾಲ ಬೆರೆತ ಪಾಲಿಮರ್ ಬಿಸಿಯಾದಂತೆ ವಿದ್ಯುತ್ ಹರಿವನ್ನು ತಾನೇ ತಗ್ಗಿಸುತ್ತದೆ.

ಕಾಯಿಸುವುದಷ್ಟೇ ಸಾಲದು, ಹದ ಬೇಕು. ಉದಾಹರಣೆಗೆ, ಗಂಧಕ ಸುಮಾರು 115ರಿಂದ 119 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, 160 ದಾಟಿದರೆ ಮತ್ತೆ ಅಂಟಾಗಿ ಹರಿಯದಂತಾಗುತ್ತದೆ. ಕಾಕಂಬಿ ಹೆಚ್ಚು ಕಾದರೆ ಕೆಡುತ್ತದೆ. ನೂರು ವರ್ಷಗಳ ಬೆಳವಣಿಗೆಯ ಸಾರ ಇದೇ: ಎಷ್ಟು ಬೇಕೋ ಅಷ್ಟು ಶಾಖ, ಎಲ್ಲಿ ಬೇಕೋ ಅಲ್ಲಿ.

ಆದರೂ ಪೈಪಿಗೆ ಹೊದಿಕೆ ಹಾಕಿ ವಾಲ್ವನ್ನು ಬರಿದೇ ಬಿಡುವ ರೂಢಿ ಹೋಗಿಲ್ಲ. ದುರಸ್ತಿಗೆಂದು ಬಿಚ್ಚಿದ ಹೊದಿಕೆಯನ್ನು ಮತ್ತೆ ಕಟ್ಟದಿರುವುದೂ ಉಂಟು. ಬಿಚ್ಚಿ ಕಟ್ಟಬಲ್ಲ ಹೊದಿಕೆ ಇದಕ್ಕೆ ಸುಲಭದ ಮದ್ದು. ಇಂಥ ರೂಢಿ ತಪ್ಪಿಸಲು ಕಲಿಕೆಯೂ ಬೇಕು. ಭದ್ರಾವತಿ ಸೇರಿರುವ ಶಿವಮೊಗ್ಗ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜುಗಳೂ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶವೂ ಒಂದಕ್ಕೊಂದು ಹತ್ತಿರವಿವೆ. ಎರಕದ ಕಸುಬು ಬಲ್ಲ ಈ ಜಿಲ್ಲೆಯ ವಿದ್ಯಾರ್ಥಿಗಳನ್ನು ಕಾರ್ಖಾನೆಯಲ್ಲೇ ನಿಲ್ಲಿಸಿ ವಾಲ್ವಿನ ಶಾಖಲೆಕ್ಕವನ್ನು ಕಲಿಸಬೇಕು.