ರಾಮೆನ್ ಹೇಳ್ತ ಶಾವಿಗೆ ಸಾರಿನ ಕತೆ

ಮಕ್ಕೊ ಪರದೇಶಲ್ಲಿಪ್ಪ ಅಕ್ಕಂದ್ರಿಂಗೆ ರಾಮೆನ್ ಹೇಳ್ತ ಶಬ್ದ ಈಗ ಹೊಸತ್ತಲ್ಲ. ಸಿಂಗಾಪುರ, ಲಂಡನು, ನ್ಯೂಯೋರ್ಕು – ಎಲ್ಲಿಗೆ ಹೋದರೂ ಒಂದು ದಿನ "ಅಮ್ಮಾ, ಜಪಾನಿನ ಹೋಟ್ಲಿಂಗೆ ಹೋಪ" ಹೇಳಿ ಕರಕ್ಕೊಂಡು ಹೋವುತ್ತವು. ಮಂದ ಬೆಣಚ್ಚು, ಚೆಂದದ ಮರದ ಮೇಜು, ದೊಡ್ಡ ಬೋಗುಣಿಲಿ ಹೊಗೆ ಬಪ್ಪ ಸಾರು, ಅದರೊಳ ಗೋಧಿಯ ಶಾವಿಗೆ. ಬಿಲ್ಲು ಬಪ್ಪಗ ಮಾಂತ್ರ ಎದೆ ಧಸಕ್ಕ ಹೇಳುತ್ತು. ನ್ಯೂಯೋರ್ಕಿನ ಒಳ್ಳೆ ಹೋಟ್ಲಿಲಿ ಒಂದು ಬೋಗುಣಿಗೆ 20 ಡಾಲರಿನ ಆಸುಪಾಸು. ಶಾವಿಗೆ ಸಾರಿಂಗೆ ಇಷ್ಟೊಂದಾ ಹೇಳಿ ನಾವು ಮನಸ್ಸಿಲೇ ರೂಪಾಯಿ ಲೆಕ್ಕ ಹಾಕುಲೆ ಸುರು ಮಾಡ್ತು.

ಈ ಬೋಗುಣಿ ಎಲ್ಲಿಂದ ಬಂತು, ಆರ ಹೊಟ್ಟೆ ತುಂಬುಸುಲೆ ಬಂತು ಹೇಳಿ ಗೊಂತಾದರೆ ಆ ಲೆಕ್ಕ ರೆಜ ಬದಲುಗು. ಹಾಂಗಾಗಿ ಅದರ ಕತೆಯ ಇಲ್ಲಿ ಬರೆತ್ತೆ.

ಮದಲು ಒಂದು ಸಂಗತಿ. ಎಲುಗಿನ ಸಾರು ಜಪಾನಿನ ಹಳೇ ಅಡಿಗೆ ಅಲ್ಲ. 675ರಲ್ಲಿ ತೆಮ್ಮು ಹೇಳ್ತ ಚಕ್ರವರ್ತಿ ದನ, ಕುದುರೆ, ನಾಯಿ, ಮಂಗ, ಕೋಳಿ – ಈ ಐದರ ಮಾಂಸ ತಿಂಬಲಾಗ ಹೇಳಿ ಆಜ್ಞೆ ಮಾಡಿತ್ತಿದ್ದವು. ಬೌದ್ಧ ಧರ್ಮದ ಪ್ರಭಾವ ಅದು. ಮಾಂಸ ಪೂರ ನಿಂದಿದಿಲ್ಲೆ, ಮೀನು ಅಂತೂ ಯೇವಗಳೂ ಇತ್ತು. ಆದರೆ ನಾಲ್ಕು ಕಾಲಿನ ಪ್ರಾಣಿಗಳ ತಿಂಬದು ತುಂಬ ಕಮ್ಮಿ ಆತು. ಮಠಂಗಳಲ್ಲಿ ಕೊಂಬು ಹೇಳ್ತ ಸಮುದ್ರದ ಪಾಚಿಯನ್ನೂ ಒಣಗಿಸಿದ ಶಿಟಾಕೆ ಅಣಬೆಯನ್ನೂ ಹಾಕಿ ಸಾರು ಮಾಡುಗು. 1872ರಲ್ಲಿ ಮೈಜಿ ಚಕ್ರವರ್ತಿ ದನದ ಮಾಂಸ ತಿಂದ ಸುದ್ದಿ ಊರಿಡೀ ಆದ ಮತ್ತೆ ಆ ಮಡಿ ಸಡ್ಲ ಆತು.

ಅಷ್ಟಪ್ಪಗ ಯೊಕೊಹಾಮಾ ಬಂದರು ಪರದೇಶದವಕ್ಕೆ ತೆಗದು ಹತ್ತು-ಹನ್ನೆರಡು ವರ್ಷ ಆಗಿತ್ತು (ಅದು 1859ರಲ್ಲಿ). ಯುರೋಪಿನ ವ್ಯಾಪಾರಿಗಳ ಒಟ್ಟಿಂಗೆ ಚೀನದ ಜೆನಂಗಳೂ ಬಂದು ಅಲ್ಲಿ ನೆಲೆ ನಿಂದವು. ಅವರ ಕೇರಿಗೆ ನಾನ್ಕಿನ್‌ಮಾಚಿ ಹೇಳಿ ಹೆಸರು. ಅಲ್ಲಿ ಸಿಕ್ಕುವ ಶಾವಿಗೆ ಸಾರಿನ ನಾನ್ಕಿನ್ ಸೋಬ ಹೇಳಿಗೊಂಡಿತ್ತಿದ್ದವು. ಬಂದರಿಲಿ ಕೆಲಸ ಮಾಡುವವು, ವಿದ್ಯಾರ್ಥಿಗೊ – ಇವೇ ಗಿರಾಕಿಗೊ. 1910ರಲ್ಲಿ ಓಜಾಕಿ ಕನಿಚಿ ಹೇಳುವವು ಟೋಕಿಯೋದ ಅಸಕುಸಲ್ಲಿ ರೈರೈಕೆನ್ ಹೇಳ್ತ ಹೋಟ್ಲು ಮಾಡಿದವು. ಅವು ಮದಲು ಸುಂಕದ ಕಛೇರಿಲಿ ಇತ್ತಿದ್ದವು. ಯೊಕೊಹಾಮಾಂದ ಚೀನೀ ಅಡಿಗೆಯವರ ಕರಕ್ಕೊಂಡು ಬಂದವು. ಜಪಾನಿನ ಮದಲಾಣ ರಾಮೆನ್ ಹೋಟ್ಲು ಹೇಳಿ ಹೆಚ್ಚಿನವು ಇದನ್ನೇ ಹೇಳುದು. ರಾಮೆನ್ ಹೇಳ್ತ ಹೆಸರು ಲಾಮಿಯೆನ್, ಹೇಳಿರೆ ಕೈಲಿ ಎಳದು ಮಾಡಿದ ಶಾವಿಗೆ, ಹೇಳ್ತ ಚೀನೀ ಶಬ್ದಂದ ಬಂದದು ಹೇಳಿ ಹೆಚ್ಚಿನವರ ಅಭಿಪ್ರಾಯ.

ಅಡಿಗೆ ಒಳದವಕ್ಕೆ ಒಂದು ಮಾತು. ನಾವು ಒತ್ತುವ ಅಕ್ಕಿ ಸೇಮಗೆಯ ಹಾಂಗಲ್ಲ ಇದು. ಗೋಧಿ ಹಿಟ್ಟಿಂಗೆ ಕನ್ಸುಯಿ ಹೇಳ್ತ ಕ್ಷಾರದ ನೀರು ಹಾಕಿ ನಾದುತ್ತವು. ಉದ್ದಿನ ಹಪ್ಪಳಕ್ಕೆ ಹಾಕುವ ಖಾರ ಇದ್ದಲ್ಲದಾ (ಮೆಣಸಿನ ಖಾರ ಅಲ್ಲ), ಅದೇ ಜಾತಿ. ಅದರಿಂದಾಗಿ ರೆಜ ಅರಶಿನ ಬಣ್ಣ ಬತ್ತು, ಬೆಶಿ ಸಾರಿಲಿ ಬಿದ್ದರೂ ಬೇಗ ಮುದ್ದೆ ಆವುತ್ತಿಲ್ಲೆ. ಬೋಗುಣಿಯ ಅಡಿಲಿ ಉಪ್ಪೋ ಸೋಯಾ ರಸವೋ ಮಿಸೊವೋ ಸೇರಿದ ದಪ್ಪ ರಸ, ಅದಕ್ಕೆ ತಾರೆ ಹೇಳಿ ಹೆಸರು. ಅದರ ಮೇಲೆ ಸಾರು, ಪರಿಮ್ಮಳದ ಎಣ್ಣೆ, ಶಾವಿಗೆ, ಅಕೇರಿಗೆ ಮೇಲಾಣ ಅಲಂಕಾರ. ಒಂದೊಂದನ್ನೂ ಬೇರೆ ಬೇರೆ ಮಾಡಿ ಮಡುಗೆಕ್ಕು. ಸಾರು ಕೆಲವು ದಿಕ್ಕೆ ಹತ್ತು-ಹನ್ನೆರಡು ಗಂಟೆ ಕೊದಿತ್ತು. ಹತ್ತು ನಿಮಿಷಲ್ಲಿ ಉಂಡು ಏಳುದರ ಹಿಂದೆ ಒಂದಿಡೀ ದಿನದ ಒಲೆಕೆಲಸ ಇದ್ದು. ಅದು ಎಷ್ಟು ಹೇಳಿ ನವಗೆ ಆರೂ ಹೇಳಿಕೊಡೆಕ್ಕು ಹೇಳಿ ಇಲ್ಲೆ.

1945ರಲ್ಲಿ ಜಪಾನು ಯುದ್ಧ ಸೋತತ್ತು, ಆ ವರ್ಷ ಭತ್ತದ ಬೆಳೆಯೂ ಕೈಕೊಟ್ಟತ್ತು. ಪಡಿತರದ ಅಕ್ಕಿ ಸಾಕಾಗ. ಅಮೇರಿಕಂದ ಗೋಧಿ ಬಪ್ಪಲೆ ಸುರು ಆತು. ಕೆಲಸ ಇಲ್ಲದ್ದವು, ಚೀನಂದ ವಾಪಾಸು ಬಂದವು ಕೈಗಾಡಿ ತಳ್ಳಿಗೊಂಡು ಕಾಳಸಂತೆಲಿ ಶಾವಿಗೆ ಸಾರು ಮಾರಿದವು. ಬೀದಿಲಿ ತಿಂಡಿ ಮಾರುಲೆ ನಿರ್ಬಂಧ ಇದ್ದ ಕಾರಣ ಪೋಲೀಸರ ಹೆದರಿಕೆಯೂ ಇತ್ತು. ಇರುಳು ಚರುಮೇರ ಹೇಳ್ತ, ನಮ್ಮ ಓಲಗದ ಹಾಂಗಿಪ್ಪ ಸಣ್ಣ ವಾದ್ಯ ಊದಿಗೊಂಡು ಗಾಡಿ ಬಕ್ಕು. ಅಶನ ಕಾಂಬಲೇ ಸಿಕ್ಕದ್ದ ಕಾಲಲ್ಲಿ ಉಪ್ಪು, ಕೊಬ್ಬು, ಬೆಶಿ ಸಾರು ಒಂದೇ ಪಾತ್ರಲ್ಲಿ ಸಿಕ್ಕಿರೆ ಜೀವ ಹಿಡಿವಲೆ ಅಷ್ಟು ಸಾಕು.

ಓಸಾಕದ ಉಮೆದಲ್ಲಿ ಇಂಥದ್ದೊಂದು ಗಾಡಿಯ ಎದುರು ಚಳಿಲಿ ಸಾಲು ನಿಂದ ಜೆನಂಗಳ ಆಂಡೊ ಮೊಮೊಫುಕು ಹೇಳುವವು ಕಂಡಿತ್ತಿದ್ದವು. 1957ರಲ್ಲಿ ಅವು ಮುಖ್ಯಸ್ಥರಾಗಿದ್ದ ಸಾಲ ಸಂಘ ಮುಳುಗಿ ಕೈಲಿದ್ದದೆಲ್ಲ ಹೋತು. ಮನೆ ಹಿತ್ತಿಲಿನ ಒಂದು ಕೊಟ್ಟಗೆಲಿ ಕೂದು, ನೀರು ಹಾಕಿದ ಕೂಡ್ಲೆ ಅಪ್ಪ ಶಾವಿಗೆ ಮಾಡ್ಲೆ ಹೆರಟವು. ಒಣಗುಸುವ ದಾರಿಯೇ ಗೊಂತಾಯಿದಿಲ್ಲೆ. ಹೆಂಡತ್ತಿ ಮಸಾಕೊ ಎಣ್ಣೆಲಿ ಟೆಂಪುರ ಹೊರಿವದರ ನೋಡುವಗ ಉಪಾಯ ಹೊಳದತ್ತು ಹೇಳಿ ಅವರ ಕಂಪೆನಿಯವ್ವೇ ಹೇಳ್ತವು. ಎಣ್ಣೆಲಿ ಬಿಟ್ಟಪ್ಪಗ ಹಿಟ್ಟಿನ ಒಳಾಣ ನೀರು ಹಾರಿ ಸಣ್ಣ ಸಣ್ಣ ಒಟ್ಟೆ ಆವುತ್ತು. ಮತ್ತೆ ಬೆಶಿನೀರು ಎರದರೆ ಆ ಒಟ್ಟೆಗಳಲ್ಲಿ ನೀರು ನುಗ್ಗಿ ಮೆತ್ತಂಗೆ ಆವುತ್ತು. ಹೀಂಗೆ 1958ರ ಆಗಸ್ಟ್ 25ಕ್ಕೆ ಮದಲಾಣ ದಿಢೀರ್ ರಾಮೆನ್ ಮಾರಾಟಕ್ಕೆ ಬಂತು. ಕ್ರಯ 35 ಯೆನ್. ಅಂಬಗ ಅಂಗಡಿಲಿ ಹಸಿ ಉದೋನ್ ಶಾವಿಗೆ 6 ಯೆನ್ನಿಂಗೆ ಸಿಕ್ಕಿಗೊಂಡಿತ್ತು! ಈಗ ಬಡವರದ್ದು ಹೇಳುವ ಪೆಕೇಟು ಅಂದು ಇದ್ದವರ ತಿಂಡಿ. ಅದೇ ನಿಸ್ಸಿನ್ ಕಂಪೆನಿ 1990ರ ದಶಕಲ್ಲಿ ನಮ್ಮ ದೇಶಕ್ಕೂ ಟಾಪ್ ರಾಮೆನ್ ತಂತು, ಕಾರ್ಖಾನೆ ಬೆಂಗಳೂರಿನ ಹತ್ರಾಣ ಜಿಗಣಿಲಿ.

ಇನ್ನು ಚೆಂದದ ಹೋಟ್ಲಿನ ಕತೆ. ಅಷ್ಟು ವರ್ಷವೂ ರಾಮೆನ್ ಹೋಟ್ಲು ಹೇಳಿರೆ ಹೆಚ್ಚಾಗಿ ಗೆಂಡುಮಕ್ಕಳ ಜಾಗೆ. ಎಣ್ಣೆ ಹಿಡುದ ಮೇಜು, ಎಲುಗಿನ ವಾಸನೆ. ಹೆಮ್ಮಕ್ಕೊ ಒಳ ಹೋಪಲೆ ಹಿಂದೆ ಮುಂದೆ ನೋಡುಗು. ಕವಾಹಾರ ಶಿಗೆಮಿ ಹೇಳುವವು 1985ರಲ್ಲಿ ಫುಕುಓಕ ಪಟ್ಟಣಲ್ಲಿ ಇಪ್ಪುಡೊ ತೆಗವಗ, ಹೆಮ್ಮಕ್ಕೊಗೂ ಧೈರ್ಯಲ್ಲಿ ಬಂದು ಕೂಪಲೆ ಎಡಿಗಪ್ಪ ಜಾಗೆ ಆಯೆಕ್ಕು ಹೇಳಿ ನಿಶ್ಚಯ ಮಾಡಿದವು. ನಿರ್ಮಲ ಇಪ್ಪ ಮೇಜು, ವಾಸನೆ ಕಮ್ಮಿ, ಒಳ್ಳೆ ಸಂಗೀತ. 2008ರಲ್ಲಿ ಅದೇ ಹೋಟ್ಲು ನ್ಯೂಯೋರ್ಕಿಂಗೆ ಹೋತು, ಜೆನ ಗಂಟೆಗಟ್ಳೆ ಕಾದವು. 2015ರ ಡಿಸೆಂಬರಿಲಿ ಟೋಕಿಯೋದ ತ್ಸುತ ಹೇಳ್ತ, 9 ಜೆನ ಕೂಪಷ್ಟೇ ಜಾಗೆ ಇಪ್ಪ ಹೋಟ್ಲಿಂಗೆ ಮಿಶೆಲಿನ್ ನಕ್ಷತ್ರ ಸಿಕ್ಕಿತ್ತು. ರಾಮೆನಿಂಗೆ ಅದುವೇ ಮದಲು. ಮರುವರ್ಷ ಅದರ ಶಾಖೆ ಸಿಂಗಾಪುರಲ್ಲಿ ಆತು.

ಮಗಳ ಮನೆಗೆ ಸಿಂಗಾಪುರಕ್ಕೆ ಹೋಗಿಪ್ಪಗ ಎಂಗಳೂ ಒಂದು ದೊಡ್ಡ ರಾಮೆನ್ ಹೋಟ್ಲಿಂಗೆ ಹೋದೆಯೊ°. ಎಂಗಳ ಎದುರು ಒಂದು ಅಜ್ಜಿ ತನ್ನಷ್ಟಕೇ ಕೂದು ಸುರ್ರನೆ ಶಬ್ದ ಮಾಡಿಗೊಂಡು ಉಂಡೊಂಡಿತ್ತು. ಜಪಾನಿಲಿ ಹಾಂಗೆ ಶಬ್ದ ಮಾಡಿರೆ ತಪ್ಪಿಲ್ಲೆಡ. ನಾವೆಲ್ಲ ಮನೆಲಿ ಎಲ್ಲೋರಿಂಗೂ ಬಳುಸಿ ಅಕೇರಿಗೆ ತಣುದ ಅಶನ ಉಂಬವು ಅಲ್ಲದಾ. ಆರಿಂಗೂ ಬಳುಸದ್ದೆ, ಆರನ್ನೂ ಕಾಯದ್ದೆ, ಬೆಶಿ ಬೆಶಿ ಉಂಬ ಆ ಅಜ್ಜಿಯ ಕಂಡಪ್ಪಗ ಎನಗೆ ಕೊಶಿ ಆತು.

ಆದರೆ ಇನ್ನೊಂದು ಹೊಡೆಯೂ ಇದ್ದು. ಜಪಾನಿಲಿ "1,000 ಯೆನ್ನಿನ ಗೋಡೆ" ಹೇಳ್ತ ಮಾತಿದ್ದು. ಅದಕ್ಕಿಂತ ಹೆಚ್ಚು ಕ್ರಯ ಮಡುಗಿರೆ ಜೆನ ರಾಮೆನ್ ತಿಂಬಲೆ ಬಾರವು ಹೇಳಿ ಹೋಟ್ಲಿನವಕ್ಕೆ ಹೆದರಿಕೆ. ಈಗಾಣ ಲೆಕ್ಕಲ್ಲಿ ಅದು 7 ಡಾಲರಿಂದಲೂ ಕಮ್ಮಿ. ಹಿಟ್ಟು, ಎಣ್ಣೆ, ಗ್ಯಾಸು ಎಲ್ಲ ಏರಿ ಸಣ್ಣ ಹೋಟ್ಲಿನವಕ್ಕೆ ತುಂಬ ಬಂಙ, ಆದರೂ ಏರುಸುಲೆ ಮನಸ್ಸು ಬತ್ತಿಲ್ಲೆ. ಕೆಲಸದವರ ಊಟ ಕೆಲಸದವರ ಕೈಗೆ ಸಿಕ್ಕೆಕ್ಕು ಹೇಳ್ತ ಲೆಕ್ಕ ಅಲ್ಲಿ ಇನ್ನೂ ಇದ್ದು. ಪರದೇಶದ ಹೋಟ್ಲಿಲಿ ಆ ಲೆಕ್ಕ ಇಲ್ಲೆ. ಅಲ್ಲಿ ಹೆಮ್ಮಕ್ಕೊಗೆ ಬಾಗಿಲು ತೆಗದತ್ತು, ಕೈಲಿ ಪೈಸೆ ಇಲ್ಲದ್ದವಕ್ಕೆ ಮುಚ್ಚಿತ್ತು.

ನಮ್ಮ ಹಾಂಗೆ ಮೀನು ಮಾಂಸ ತಿನ್ನದ್ದವು ಹೋಪದಾದರೆ ನಾಲ್ಕು ಪ್ರಶ್ನೆ ಕೇಳೆಕ್ಕು: ಸಾರು ಎಂತರದ್ದು, ತಾರೆಲಿ ಮೀನಿದ್ದಾ, ಎಣ್ಣೆ ಯೇವದರದ್ದು, ಶಾವಿಗೆಗೆ ಮೊಟ್ಟೆ ಹಾಕಿದ್ದವಾ. ತರಕಾರಿ ರಾಮೆನ್ ಹೇಳಿ ಬರದಿದ್ದರೂ ಒಣಮೀನಿನ ದಾಶಿ ಒಳ ಇಕ್ಕು. ಕೇಳ್ಲೆ ನಾಚಿಗೆ ಮಾಡೆಡಿ, ಒಳ್ಳೆ ಹೋಟ್ಲಿನವು ಅಡಿಗೆಕೋಣೆಗೆ ಹೋಗಿ ಕೇಳಿಗೊಂಡು ಬಂದು ಹೇಳ್ತವು. ಈಗ ಟೋಕಿಯೋ ರೈಲು ನಿಲ್ದಾಣದ ಒಳವೇ ಮಾಂಸ, ಮೀನು, ಮೊಟ್ಟೆ, ಹಾಲು ಒಂದೂ ಇಲ್ಲದ್ದ ಟೀಸ್ ಟಾನ್‌ಟಾನ್ ಹೇಳ್ತ ರಾಮೆನ್ ಹೋಟ್ಲಿದ್ದು. ಕೊಂಬು, ಶಿಟಾಕೆ ಹಾಕಿ ಮಾಡಿದ ಸಾರಾದರೆ ಅದು ಹಳೇ ಮಠಂಗಳ ಅಡಿಗೆಯ ದಾರಿಯೇ.

ಮಕ್ಕೊ ಕರದರೆ ಒಂದರಿ ಹೋಗಿ ಬನ್ನಿ. ಬೆಶಿ ಇಪ್ಪಗಳೇ ಉಣ್ಣಿ.