ನಾಗಾವಿಯ ಭಂಡಾರಿಗರೂ ನಮ್ಮ ಮನೆಯ ಪೆಟ್ಟಿಗೆಯೂ

ಚಿತ್ತಾಪುರದ ಮಗ್ಗುಲಲ್ಲಿರುವ ನಾಗಾವಿಯನ್ನು ಇಂದು ನೋಡಹೋದವರಿಗೆ ಕಾಣುವುದು ಅರವತ್ತು ಕಂಬದ ಗುಡಿ, ಅಲ್ಲಲ್ಲಿ ಒರಗಿದ ಹಳೆಯ ಕಲ್ಲುಗಳು, ಎಲ್ಲಮ್ಮನ ದರ್ಶನಕ್ಕೆ ಬಂದ ಭಕ್ತರು. ಸಾವಿರ ವರ್ಷಗಳಿಗೆ ತುಸು ಕಡಮೆಯಾದ ಹಿಂದಿನ ಕಾಲದಲ್ಲಿ ಇದೊಂದು ದೊಡ್ಡ ವಿದ್ಯಾಕೇಂದ್ರವಾಗಿದ್ದಿತು. ಕಲ್ಯಾಣದ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನು ಆಳುತ್ತಿದ್ದಾಗ ಅವನ ದಂಡನಾಯಕ ಮಧುಸೂದನನು ಇಲ್ಲಿ ಘಟಿಕಾಸ್ಥಾನವೊಂದನ್ನು ಏರ್ಪಡಿಸಿದನೆಂದು ಕ್ರಿ. ಶ. ೧೦೫೮ರ ಶಾಸನವು ತಿಳಿಸುತ್ತದೆ. ವೇದವನ್ನು ಓದುವವರು ೨೦೦ ಮಂದಿ, ಶಾಸ್ತ್ರವನ್ನು ಓದುವವರು ೫೨ ಮಂದಿ. ವೇದಕ್ಕೆ ಮೂವರು ಉಪಾಧ್ಯಾಯರು, ಶಾಸ್ತ್ರಕ್ಕೆ ಮೂವರು. ಇವರೊಡನೆ ಆರು ಮಂದಿ ಸರಸ್ವತೀ ಭಂಡಾರಿಗರು, ಎಂದರೆ ಗ್ರಂಥಪಾಲಕರು.

ಕಲಿಸುವವರು ಎಷ್ಟು ಮಂದಿಯೋ ಗ್ರಂಥಗಳನ್ನು ಕಾಯುವವರೂ ಅಷ್ಟೇ ಮಂದಿ! ತರಗತಿಯಲ್ಲಿ ಈ ಶಾಸನದ ಪ್ರಸ್ತಾಪ ಬಂದಾಗಲೆಲ್ಲ ನಾನು ಈ ಲೆಕ್ಕವನ್ನು ಹೇಳಿ ಮುಂದೆ ಹೋಗುತ್ತಿದ್ದೆ. ಇಷ್ಟೊಂದು ಜನ ಏತಕ್ಕೆ ಬೇಕಾಗಿತ್ತೆಂದು ಕೇಳಿಕೊಂಡಿರಲಿಲ್ಲ. ಅದು ನನಗೆ ಅರ್ಥವಾದದ್ದು ಕೊಡ್ಲಿಯ ನಮ್ಮ ಮನೆಯಲ್ಲಿ, ಒಂದು ನಷ್ಟವಾದ ಮೇಲೆ.

ನಮ್ಮ ದೊಡ್ಡವ್ವ ಬೀಸುವ ಪದಗಳನ್ನು ಬಹಳ ಚೆನ್ನಾಗಿ ಹಾಡುತ್ತಿದ್ದಳು. ಒಂದು ಬೇಸಗೆಯ ರಜೆಯಲ್ಲಿ ಅವಳನ್ನು ಒಲಿಸಿ ಹನ್ನೊಂದು ಪದಗಳನ್ನು ಧ್ವನಿಮುದ್ರಿಸಿಕೊಂಡೆ. ಅವುಗಳನ್ನೂ, ಸುತ್ತಿನ ಊರುಗಳಲ್ಲಿ ತೆಗೆದ ಶಾಸನಗಳ ಚಿತ್ರಗಳನ್ನೂ, ಮನೆಯ ಮದುವೆ ಮುಂಜಿಗಳ ಫೋಟೋಗಳನ್ನೂ ಅಂಗೈಯಗಲದ ಒಂದು ಹಾರ್ಡ್ ಡಿಸ್ಕಿನಲ್ಲಿ ತುಂಬಿ, ಅಲಮಾರಿಯಲ್ಲಿಟ್ಟು ನಿಶ್ಚಿಂತನಾದೆ. ಎರಡು ವರ್ಷ ಕಳೆದು ದೊಡ್ಡವ್ವ ತೀರಿಕೊಂಡಳು. ಅವಳ ದಿನಕರ್ಮದಂದು ಎಲ್ಲರಿಗೂ ಪದಗಳನ್ನು ಕೇಳಿಸೋಣವೆಂದು ಡಿಸ್ಕನ್ನು ಜೋಡಿಸಿದರೆ ಟಿಕ್ ಟಿಕ್ ಎಂಬ ಸದ್ದಲ್ಲದೆ ಮತ್ತೇನೂ ಬರಲಿಲ್ಲ. ಊರಿಂದೂರಿಗೆ ಹೋಗಿ ತೋರಿಸಿದ್ದಾಯಿತು. ಪದಗಳು ಬರಲಿಲ್ಲ.

ಅಣ್ಣನ ಮಗ ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದನು. “ಕಾಕಾ, ಅಲಮಾರಿಯೊಳಗ ಇಟ್ಟದ್ದು ಕೆಟ್ಟದ್ದು ಯಾರಿಗೂ ಗೊತ್ತಾಗಂಗಿಲ್ಲ. ಹಗಲು ರಾತ್ರಿ ನಡೆಯೋ ಒಂದು ಸರ್ವರ್ ಮನಿಯಾಗೇ ಕಟ್ಟೋಣು” ಎಂದನು. ಸರ್ವರ್ ಎಂದರೆ ಬ್ಯಾಂಕುಗಳಲ್ಲಿ, ಸರಕಾರಿ ಕಚೇರಿಗಳಲ್ಲಿ ಇರತಕ್ಕದ್ದೆಂದು ತಿಳಿದಿದ್ದ ನನಗೆ ಇದು ಹುಡುಗಾಟಿಕೆಯ ಮಾತೆನಿಸಿತು. ಆದರೆ ಇದರ ಹಿಂದಿನ ಚರಿತ್ರೆಯನ್ನು ಓದುತ್ತ ಹೋದಂತೆ ಅಭಿಪ್ರಾಯ ಬದಲಾಯಿತು.

ಸುತ್ತುವ ತಟ್ಟೆಗಳ ಮೇಲೆ ಮಾಹಿತಿಯನ್ನು ಬರೆದಿಡುವ ಮೊದಲ ಮಾರಾಟದ ಯಂತ್ರವನ್ನು ಐಬಿಎಂ ಕಂಪನಿಯು ೧೯೫೬ರಲ್ಲಿ ಹೊರತಂದಿತು. ಎರಡಡಿ ಅಗಲದ ೫೦ ತಟ್ಟೆಗಳಿದ್ದ ಆ ಭಾರಿ ಯಂತ್ರದಲ್ಲಿ ಹಿಡಿಸುತ್ತಿದ್ದುದು ೫೦ ಲಕ್ಷ ಅಕ್ಷರಗಳು ಮಾತ್ರ. ಇಂದಿನ ಫೋನಿನಲ್ಲಿ ತೆಗೆದ ಒಂದೆರಡು ಚಿತ್ರಗಳಿಗೆ ಅದು ಸಾಲುತ್ತಿತ್ತು. ಬಹುಕಾಲ ಇಂಥ ಯಂತ್ರಗಳು ದೊಡ್ಡ ಸಂಸ್ಥೆಗಳ ಸೊತ್ತಾಗಿಯೇ ಉಳಿದುವು. ೧೯೮೮ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ಒಂದು ಪ್ರಬಂಧವನ್ನು ಮಂಡಿಸಿದರು. ದುಬಾರಿಯಾದ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಸಣ್ಣ ಡಿಸ್ಕುಗಳನ್ನು ಕೂಡಿಸಿ, ಒಂದು ಕೆಟ್ಟರೂ ಉಳಿದವುಗಳಿಂದ ಮಾಹಿತಿಯನ್ನು ಮರಳಿ ಪಡೆಯುವಂತೆ ಮಾಡಬಹುದೆಂಬುದು ಅದರ ತಿರುಳು. ಇದಕ್ಕೆ ರೇಡ್ ಎಂದು ಹೆಸರು.

ಡಿಸ್ಕುಗಳು ಒಂದು ಕಡೆ ಇದ್ದರೆ ಸಾಲದು, ಮನೆಯ ಎಲ್ಲ ಯಂತ್ರಗಳೂ ಅವನ್ನು ಓದುವಂತಿರಬೇಕು. ೧೯೯೨ರ ಸುಮಾರಿಗೆ ಆಸ್ಟ್ರೇಲಿಯದ ಕ್ಯಾನ್ಬೆರಾದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಜೆಲ್ ಎಂಬವನು, ಒಂದು ಜಾತಿಯ ಗಣಕದಲ್ಲಿರುವ ಕಡತಗಳನ್ನು ಬೇರೊಂದು ಜಾತಿಯ ಗಣಕಕ್ಕೆ ಒದಗಿಸುವ ಕಾರ್ಯಕ್ರಮವನ್ನು ಬರೆದು ಎಲ್ಲರಿಗೂ ಬಿಟ್ಟುಕೊಟ್ಟನು. ಅದೇ ಮುಂದೆ ‘ಸಾಂಬಾ’ ಎನಿಸಿತು. ೨೦೦೫ರಲ್ಲಿ ಒಲಿವಿಯೆ ಕೊಷಾರ್-ಲಾಬೆ ಎಂಬ ಫ್ರೆಂಚನು ‘ಫ್ರೀನ್ಯಾಸ್’ ಎಂಬ ವ್ಯವಸ್ಥೆಯನ್ನೂ, ೨೦೧೧ರಲ್ಲಿ ಫೋಲ್ಕರ್ ಟೈಲೆ ಎಂಬ ಜರ್ಮನನು ‘ಓಪನ್ ಮೀಡಿಯ ವಾಲ್ಟ್’ ಎಂಬುದನ್ನೂ ಹೊರತಂದರು. ಹಳೆಯ ಗಣಕವನ್ನು ಭಂಡಾರವಾಗಿ ಮಾರ್ಪಡಿಸಲು ಬೇಕಾದುದೆಲ್ಲ ಇವುಗಳಲ್ಲಿ ಒಂದೆಡೆ ದೊರೆಯುತ್ತಿದ್ದಿತು, ಅದೂ ಬಿಡಿಗಾಸಿಲ್ಲದೆ. ವಿದ್ವಾಂಸರೂ ಹವ್ಯಾಸಿಗಳೂ ಕೂಡಿ ಕಟ್ಟಿದ ದಾರಿ ಹೀಗೆ ಕೊಡ್ಲಿಯ ತನಕ ಬಂದಿತು.

ನಾವು ಕಟ್ಟಿದ್ದು ಹೀಗೆ: ಕಚೇರಿಯೊಂದು ಮಾರಿದ ಹಳೆಯ ಗಣಕ, ಅದರಲ್ಲಿ ವ್ಯವಸ್ಥೆಗಾಗಿ ಒಂದು ಸಣ್ಣ ಡಿಸ್ಕು, ಕಡತಗಳಿಗಾಗಿ ನಾಲ್ಕು ಟೆರಾಬೈಟಿನ ಎರಡು ಹೊಸ ಡಿಸ್ಕುಗಳು. ಒಂದರಲ್ಲಿ ಬರೆದದ್ದು ಕನ್ನಡಿಯಲ್ಲಿ ಕಂಡಂತೆ ಇನ್ನೊಂದರಲ್ಲೂ ಮೂಡುತ್ತದೆ. ಗಾಳಿಯ ಸಂಪರ್ಕವನ್ನು ನಂಬದೆ ರೌಟರಿನಿಂದ ಒಂದು ವಯರನ್ನೇ ಎಳೆದೆವು. ಕರೆಂಟು ಹೋಗಿ ಬ್ಯಾಟರಿ ಇಳಿಯುತ್ತ ಬಂದರೆ ಯಂತ್ರವು ಬರೆಯುತ್ತಿದ್ದುದನ್ನು ಮುಗಿಸಿ ತಾನೇ ಕ್ರಮವಾಗಿ ನಿಲ್ಲುವಂತೆ ಯುಪಿಎಸ್ ಇಟ್ಟೆವು. ನಮ್ಮ ಕಡೆಯ ಬಿಸಿಲನ್ನು ಬಲ್ಲವರಿಗೆ ಹೇಳಬೇಕಾದುದಿಲ್ಲ. ಆದುದರಿಂದ ನಡುಮನೆಯಲ್ಲಿ ತಂಪಾದ ಶಹಾಬಾದಿ ಫರಸಿಯ ಹಾಸಿನ ಮೇಲೆ, ನೆಲದಿಂದ ಗೇಣೆತ್ತರದ ಮಣೆ ಹಾಕಿ ಕೂರಿಸಿದೆವು. ಮೂವತ್ತು ವ್ಯಾಟ್‌ನಂತೆ ಉರಿದರೆ ತಿಂಗಳಿಗೆ ಸುಮಾರು ೨೨ ಯೂನಿಟ್ಟು. ಹೊರಗಿನ ಅಂತರ್ಜಾಲಕ್ಕೆ ಇದರ ಬಾಗಿಲನ್ನು ತೆರೆದಿಲ್ಲ. ೨೦೨೧ರಲ್ಲಿ ಹಾಗೆ ತೆರೆದಿಟ್ಟ ಎಷ್ಟೋ ಮನೆಗಳ ಭಂಡಾರಗಳಿಗೆ ಕಳ್ಳರು ತಮ್ಮದೇ ಬೀಗ ಜಡಿದು, ಬೀಗದ ಕೈಗೆ ಹಣ ಕೇಳಿದ್ದರು.

ಎಲ್ಲ ಮುಗಿದ ದಿನ, “ಇನ್ನು ಭಯವಿಲ್ಲ, ಎಲ್ಲಕ್ಕೂ ಎರಡೆರಡು ಪ್ರತಿ” ಎಂದೆ. ಹುಡುಗ ನಕ್ಕನು: “ಕಾಕಾ, ಡಿಸ್ಕ್ ಎರಡ ಅವ ಅಂತ ಪ್ರತಿ ಎರಡ ಅವ ಅನ್ಕೋಬ್ಯಾಡ್ರಿ. ಒಂದರಾಗ ಅಳಿಸಿದ್ರ ಇನ್ನೊಂದರಾಗೂ ಅದೇ ಗಳಿಗ್ಯಾಗ ಅಳಸ್ತದ. ಸಿಡಿಲು ಬಡದ್ರ ಎರಡೂ ಕೂಡೇ ಹೋಗ್ತಾವ.”

ಈ ಮಾತು ಕೇಳಿದಾಗ ನನಗೆ ನೆನಪಾದದ್ದು ನಮ್ಮ ನೆರೆಯ ಮಳಖೇಡ. ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವೇ ಇದು. ಇಲ್ಲಿ ಆಳಿದ ಮೂರನೆಯ ಕೃಷ್ಣನಿಂದ ಪೊನ್ನ ಕವಿಯು ‘ಉಭಯಕವಿ ಚಕ್ರವರ್ತಿ’ ಎಂಬ ಬಿರುದನ್ನು ಪಡೆದನು. ಕೃಷ್ಣನು ತೀರಿಕೊಂಡು ಹೆಚ್ಚು ಕಾಲವಾಗುವ ಮುನ್ನ, ೯೭೨ರಲ್ಲಿ, ಮಾಳವದ ಪರಮಾರ ದೊರೆ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು. ಪೊನ್ನನ ‘ಶಾಂತಿಪುರಾಣ’ ನಮಗೆ ದೊರೆತಿದೆ. ಅವನ ‘ಭುವನೈಕರಾಮಾಭ್ಯುದಯ’ ದೊರೆತಿಲ್ಲ. ಎರಡೂ ಒಬ್ಬನೇ ಕವಿಯ ಕೃತಿಗಳು. ಆದರೆ ದಾನಚಿಂತಾಮಣಿ ಅತ್ತಿಮಬ್ಬೆಯು ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂಬುದು ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಆ ಒಂದು ಕಾರಣದಿಂದಲೇ ಅದು ಉಳಿಯಿತೆಂದು ಆಣೆಯಿಟ್ಟು ಹೇಳುವಂತಿಲ್ಲ. ಆದರೂ ಸಾವಿರ ಊರುಗಳ ಸಾವಿರ ಮನೆಗಳಿಗೆ ಒಮ್ಮೆಗೇ ಬೆಂಕಿ ಹತ್ತಲಾರದು. ಅತ್ತಿಮಬ್ಬೆ ಪ್ರತಿಗಳನ್ನು ಮಾಡಿಸಿದುದಷ್ಟೇ ಅಲ್ಲದೆ ಮನೆಯಿಂದ ಹೊರಗೆ ಕಳುಹಿಸಿದಳೆಂಬುದನ್ನು ಮರೆಯತಕ್ಕದ್ದಲ್ಲ.

ಗಣಕಶಾಸ್ತ್ರದವರು ಇಂದು ಹೇಳುವ ಸೂತ್ರವೂ ಇದೇ: ಮೂರು ಪ್ರತಿ, ಎರಡು ಬಗೆಯ ಸಾಧನ, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿ. ನಮ್ಮ ರೈತನು ಉಣ್ಣುವ ಜೋಳವನ್ನು ಹಗೇವಿನಲ್ಲಿ ಹಾಕಿದರೂ ಬೀಜದ ಜೋಳವನ್ನು ಬೂದಿ ಬೆರೆಸಿ ಬೇರೆಯೇ ಗಡಿಗೆಯಲ್ಲಿಡುತ್ತಿದ್ದನಷ್ಟೆ. ಈಗ ಯುಗಾದಿಗೂ ದಸರೆಗೂ ಅಣ್ಣ ಕಲಬುರಗಿಯಿಂದ ಬರುವಾಗ ಒಂದು ಡಿಸ್ಕನ್ನು ತರುತ್ತಾನೆ, ಹೊಸತಾಗಿ ತುಂಬಿದ ಇನ್ನೊಂದನ್ನು ಒಯ್ಯುತ್ತಾನೆ.

ತಿಂಗಳ ಮೊದಲ ಭಾನುವಾರ ಭಂಡಾರದ ಕೆಲಸ. ಎರಡು ಡಿಸ್ಕುಗಳನ್ನೂ ಯಂತ್ರವು ಮೊದಲಿನಿಂದ ಕೊನೆಯವರೆಗೆ ಓದಿ ಒಂದಕ್ಕೊಂದು ತಾಳೆನೋಡುವಂತೆ ಮಾಡಬೇಕು, ಡಿಸ್ಕಿನ ಆರೋಗ್ಯದ ವರದಿಯನ್ನು ನೋಡಬೇಕು, ಧೂಳು ಕೊಡವಬೇಕು, ಯಾವುದಾದರೊಂದು ಕಡತವನ್ನು ಹೊರಗಿನ ಪ್ರತಿಯಿಂದ ಮರಳಿ ತೆಗೆದು ನಿಜವಾಗಿಯೂ ತೆರೆಯುತ್ತದೆಯೆ ಎಂದು ಪರೀಕ್ಷಿಸಬೇಕು. ಕಳೆದ ವರ್ಷ ಒಂದು ಡಿಸ್ಕು ಹೀಗೆಯೇ ಸಿಕ್ಕಿಬಿದ್ದಿತು. ಅದನ್ನು ತೆಗೆದು ಹೊಸದನ್ನು ಹಾಕಿದೆವು. ಇಡೀ ರಾತ್ರಿ ನಕಲಾಗಿ ಬೆಳಗಾಗುವಾಗ ಜೋಡಿ ಮತ್ತೆ ಕೂಡಿಕೊಂಡಿತು. ಒಂದು ಅಕ್ಷರವೂ ಹೋಗಲಿಲ್ಲ.

ನಾಗಾವಿಯ ಆರು ಮಂದಿ ಏನು ಮಾಡುತ್ತಿದ್ದರೆಂಬುದನ್ನು ಆ ಬೆಳಗ್ಗೆ ನಾನು ಊಹಿಸಬಲ್ಲವನಾಗಿದ್ದೆ. ತಾಳೆಯೋಲೆಗೆ ಎಣ್ಣೆ ಸವರಬೇಕು, ಹುಳು ಹಿಡಿದಿದೆಯೆ ನೋಡಬೇಕು, ದಾರ ಬದಲಿಸಬೇಕು, ಜೀರ್ಣವಾದುದನ್ನು ಹೊಸ ಓಲೆಗೆ ಪ್ರತಿಮಾಡಬೇಕು. ಆ ಭಂಡಾರದ್ದೆಂದು ತೋರಿಸಬಹುದಾದ ಒಂದು ಓಲೆಯೂ ಇಂದು ನಮ್ಮ ಕೈಯಲ್ಲಿಲ್ಲ. ಉಳಿದಿರುವುದು ಅವರ ನೇಮಕವನ್ನು ಹೇಳುವ ಕಲ್ಲು ಮಾತ್ರ. ಆ ಕೆಲಸ ಯಾವಾಗ ನಿಂತಿತೋ ಅಂದಿನಿಂದಲೇ ಓಲೆಗಳ ಅವಸಾನವೂ ಮೊದಲಾಗಿರಬೇಕು.

ಈ ಯೋಚನೆಯಿಂದ ನಾನೊಂದು ನೂರು ಹಾಳೆಯ ನೋಟುಬುಕ್ಕು ತಂದು, ಪೆಟ್ಟಿಗೆಯನ್ನು ತೆರೆಯುವ ಕ್ರಮ, ಡಿಸ್ಕು ಬದಲಿಸುವ ವಿಧಾನ, ಕಲಬುರಗಿಯ ಪ್ರತಿ ಎಲ್ಲಿದೆ ಎಂಬುದು, ಇವೆಲ್ಲವನ್ನೂ ಕನ್ನಡದಲ್ಲಿ ಬರೆದು ಮನೆಯ ಕಾಗದಪತ್ರಗಳ ಜೊತೆ ಇಟ್ಟಿದ್ದೇನೆ. ಮಗಳಿಗೆ ಒಂದು ಭಾನುವಾರದ ಕೆಲಸವನ್ನು ಪೂರಾ ಒಪ್ಪಿಸಿ ಪಕ್ಕದಲ್ಲಿ ಸುಮ್ಮನೆ ಕುಳಿತು ನೋಡಿದೆ. ಎರಡು ಕಡೆ ತಪ್ಪಿದಳು. ತಪ್ಪಿದ್ದು ಅವಳಲ್ಲ, ನನ್ನ ಬರವಣಿಗೆ. ತಿದ್ದಿದೆ.

ದೊಡ್ಡವ್ವನ ಹನ್ನೊಂದು ಪದಗಳಲ್ಲಿ ಒಂದು ಉಳಿದಿದೆ. ಸೊಲ್ಲಾಪುರದಲ್ಲಿರುವ ಅವಳ ಮೊಮ್ಮಗಳು ಆ ಬೇಸಗೆಯಲ್ಲಿಯೇ ಅದನ್ನು ನನ್ನಿಂದ ಕೇಳಿ ತನ್ನ ಫೋನಿಗೆ ಹಾಕಿಸಿಕೊಂಡಿದ್ದಳು. ಪದದ ನಡುವೆ ದೊಡ್ಡವ್ವ ಕೆಮ್ಮಿ, “ಸಾಕಪ್ಪ, ಉಳದದ್ದು ನಾಳಿ ಹಾಡ್ತೀನಿ” ಎನ್ನುತ್ತಾಳೆ. ತಿಂಗಳ ಭಾನುವಾರದ ಪರೀಕ್ಷೆಗೆ ನಾವು ಮೊದಲು ತೆರೆಯುವ ಕಡತ ಅದೇ.